ಥೇಮ್ಸ್ ದಂಡೆಯಲ್ಲಿ ಮುಡಿಯ ಹಗ್ಗ

ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಕಡೆಯಿಂದ ಥೇಮ್ಸ್ ನದಿಯ ಕಾಲುಸೇತುವೆ ಹತ್ತಿದರೆ ಆಚೆ ದಡದಲ್ಲಿ ಕಂದು ಇಟ್ಟಿಗೆಯ ಭಾರಿ ಗೋಡೆಯೊಂದು ಎದುರಾಗುತ್ತದೆ. ಗೋಡೆಯ ನಟ್ಟನಡುವೆ ಚೌಕಾಕಾರದ ಹೊಗೆಗೂಡು. ದೂರದಿಂದ ನೋಡಿದವರು ಅದನ್ನೂ ಒಂದು ಚರ್ಚಿನ ಗೋಪುರವೆಂದುಕೊಂಡರೆ ಆಶ್ಚರ್ಯವಿಲ್ಲ. ಎಣ್ಣೆ ಸುಟ್ಟ ಹೊಗೆಯನ್ನು ಮುಗಿಲಿಗೆ ಬಿಡಲು ಕಟ್ಟಿದ ಈ ಗೂಡಿನ ಎತ್ತರ 99 ಮೀಟರ್. ಎದುರು ದಡದ ಗುಮ್ಮಟವನ್ನು ಮೀರಬಾರದೆಂದು ಬೇಕೆಂದೇ ತಗ್ಗಿಸಿ ಕಟ್ಟಿದರು. ಯುದ್ಧದಿಂದ ಬಸವಳಿದಿದ್ದ ನಗರಕ್ಕೆ ವಿದ್ಯುತ್ತು ಕೊಡಲು 1947ರಲ್ಲಿ ಕೆಲಸ ಶುರುವಾಗಿ 1963ರಲ್ಲಿ ಮುಗಿದ ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರ ಇದು. ಲಂಡನ್ನಿನ ಕೆಂಪು ಟೆಲಿಫೋನ್ ಬೂತಿಗೆ ರೂಪ ಕೊಟ್ಟ ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರೇ ಇದರ ವಾಸ್ತುಶಿಲ್ಪಿ. 1981ರಲ್ಲಿ ಸ್ಥಾವರ ಬಾಗಿಲು ಹಾಕಿತು. ಸ್ವಿಟ್ಜರ್ಲೆಂಡಿನ ಹೆರ್ಜೋಗ್ ಮತ್ತು ಡಿ ಮೂರಾನ್ ಎಂಬ ಜೋಡಿ ವಾಸ್ತುಶಿಲ್ಪಿಗಳು ಅದನ್ನು ಕೆಡವದೆ ಒಳಗನ್ನು ತೆರವು ಮಾಡಿಕೊಟ್ಟರು. 2000ದ ಮೇ ತಿಂಗಳಲ್ಲಿ ಅದು ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯವಾಗಿ ತೆರೆಯಿತು.

ಆಧುನಿಕತೆ ಎಂದರೇನು ಎಂದು ಪುಸ್ತಕಗಳಲ್ಲಿ ಹುಡುಕಿ ಸುಸ್ತಾದವರನ್ನು ಮೊದಲು ಇಲ್ಲಿಗೆ ಕರೆತರಬೇಕು. ಉಕ್ಕು, ಇಟ್ಟಿಗೆ, ತೈಲ, ವಿದ್ಯುತ್ತು, ಪಾಳಿಯ ಮೇಲೆ ದುಡಿಯುವ ಕೆಲಸಗಾರರು: ಇಪ್ಪತ್ತನೇ ಶತಮಾನವನ್ನು ಓಡಿಸಿದ್ದೆಲ್ಲ ಈ ಗೋಡೆಗಳ ಒಳಗಿತ್ತು. ಯಂತ್ರಗಳು ಹೋದ ಮೇಲೆ ಅವುಗಳ ಜಾಗಕ್ಕೆ ಕಲೆ ಬಂತು. ಸಮಕಾಲೀನ ಕಲೆ ಆಧುನಿಕತೆಯ ಜೊತೆ ಇಟ್ಟುಕೊಂಡಿರುವ ಸಂಬಂಧವೂ ಹೆಚ್ಚುಕಡಿಮೆ ಇಂಥದೇ. ಅದು ಬೇರೆ ನಿವೇಶನ ಹುಡುಕಿ ಹೊಸ ಮನೆ ಕಟ್ಟಿಕೊಳ್ಳಲಿಲ್ಲ. ಹಿಂದಿನವರು ಬಿಟ್ಟುಹೋದ ಕಟ್ಟಡದಲ್ಲೇ, ಅವರ ಮಸಿ ಹಿಡಿದ ಗೋಡೆಗಳ ನಡುವೆಯೇ ವಾಸ ಮಾಡುತ್ತಿದೆ.

ಪಶ್ಚಿಮದ ಬಾಗಿಲಿನಿಂದ ಒಳಗೆ ಹೋಗುವುದು ಒಳ್ಳೆಯದು. ಮೆಟ್ಟಿಲಿಲ್ಲ, ಅಗಲವಾದ ಇಳಿಜಾರು ನಮ್ಮನ್ನು ನೆಲಮಟ್ಟಕ್ಕಿಂತ ಕೆಳಗೆ, ಟರ್ಬೈನ್ ಹಾಲ್‌ಗೆ ಇಳಿಸುತ್ತದೆ. ಸುಮಾರು 150 ಮೀಟರ್ ಉದ್ದ, 35 ಮೀಟರ್ ಎತ್ತರದ ಪಡಸಾಲೆ. ಮೇಲೆ ಉಕ್ಕಿನ ತೊಲೆಗಳು, ಗಾಜಿನ ಸೂರು. ಮಕ್ಕಳು ಇಳಿಜಾರಿನಲ್ಲಿ ಉರುಳುತ್ತಿರುತ್ತಾರೆ, ಯಾರೂ ಗದರಿಸುವುದಿಲ್ಲ. ಜನ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು ಬುತ್ತಿ ಬಿಚ್ಚುತ್ತಾರೆ. ಕಲಾ ಸಂಗ್ರಹಾಲಯಗಳೆಂದರೆ ಪಿಸುಮಾತು, ಚಿನ್ನದ ಚೌಕಟ್ಟು, 'ಮುಟ್ಟಬೇಡಿ' ಫಲಕ ಎಂದು ನಂಬಿದವರಿಗೆ ಇಲ್ಲಿ ಒಂದು ಸಂತೆಯ ಸಲಿಗೆ ಸಿಗುತ್ತದೆ.

ಈ ಪಡಸಾಲೆಯನ್ನು ಒಬ್ಬೊಬ್ಬ ಕಲಾವಿದರಿಗೆ ಕೆಲವು ತಿಂಗಳು ಪೂರ್ತಿಯಾಗಿ ಬಿಟ್ಟುಕೊಡುವುದು ಪದ್ಧತಿ. 2003ರಲ್ಲಿ ಓಲಾಫರ್ ಎಲಿಯಾಸನ್ ಇಲ್ಲೊಂದು ಸೂರ್ಯನನ್ನು ನಿಲ್ಲಿಸಿದರು. ಅರ್ಧವೃತ್ತದಲ್ಲಿ ಜೋಡಿಸಿದ ಹಳದಿ ದೀಪಗಳು, ಸೂರಿಗೆ ಕನ್ನಡಿ, ತೆಳುವಾದ ಮಂಜು. ಜನ ಅಂಗಾತ ಮಲಗಿ ಮೇಲಿನ ಕನ್ನಡಿಯಲ್ಲಿ ತಮ್ಮನ್ನು ತಾವೇ ಹುಡುಕಿಕೊಂಡರು. 2010ರಲ್ಲಿ ಚೀನಾದ ಐ ವೇವೇ ಹತ್ತು ಕೋಟಿ ಸೂರ್ಯಕಾಂತಿ ಬೀಜಗಳನ್ನು ಹರಡಿದರು. ಒಂದೊಂದೂ ಪಿಂಗಾಣಿಯದು, ಒಂದೊಂದಕ್ಕೂ ಕೈಯಿಂದ ಬಣ್ಣ ಬಳಿದದ್ದು. ಪಿಂಗಾಣಿಗೆ ಹೆಸರಾದ ಜಿಂಗ್‌ಡೆಜೆನ್ ಪಟ್ಟಣದ ಸುಮಾರು 1,600 ಕುಶಲಕರ್ಮಿಗಳು ಮಾಡಿದ ಕೆಲಸ. ಬೀಜಗಳ ಮೇಲೆ ನಡೆದಾಡಬಹುದು ಎಂದಿತ್ತು. ಪಿಂಗಾಣಿ ದೂಳು ಏಳುತ್ತದೆಂದು ಕೆಲವೇ ದಿನಗಳಲ್ಲಿ ಹಗ್ಗ ಕಟ್ಟಿ ತಡೆದರು.

ಇವೆಲ್ಲ ಬಂದು ಹೋದವು. ಹೋಗದೆ ಉಳಿದದ್ದು ಒಂದು ಗಾಯ. ಕಾಂಕ್ರೀಟ್ ನೆಲವನ್ನು ಗಮನವಿಟ್ಟು ನೋಡಿದರೆ ಪಡಸಾಲೆಯ ಉದ್ದಕ್ಕೂ ಅಂಕುಡೊಂಕಾಗಿ ಓಡುವ ಸಿಮೆಂಟಿನ ಗೆರೆ ಕಾಣುತ್ತದೆ. ಕೊಲಂಬಿಯಾದ ಡೋರಿಸ್ ಸಾಲ್ಸೆಡೊ 2007ರಲ್ಲಿ ಈ ನೆಲವನ್ನು 167 ಮೀಟರ್ ಉದ್ದಕ್ಕೆ ಸೀಳಿದ್ದರು. ಕೂದಲೆಳೆಯ ಬಿರುಕಾಗಿ ಆರಂಭವಾಗಿ ಹೋಗಹೋಗುತ್ತ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗುವ ಕಂದಕ ಅದು. ಯುರೋಪಿನ ಸುಂದರ ನಗರಗಳು ಯಾರನ್ನು ಹೊರಗಿಟ್ಟು ನಿಂತಿವೆ, ವಲಸೆ ಬಂದವನು ಯಾವ ಬಿರುಕಿನೊಳಗೆ ಬದುಕುತ್ತಾನೆ ಎಂಬುದು ಆಕೆಯ ಪ್ರಶ್ನೆ. ಪ್ರದರ್ಶನ ಮುಗಿದ ಮೇಲೆ ಬಿರುಕನ್ನು ತುಂಬಿದರು, ಆದರೆ ಕಲೆ ಅಳಿಯಲಿಲ್ಲ. ಇಂದಿಗೂ ದಿನವೂ ಸಾವಿರಾರು ಜನ ಗೊತ್ತಿಲ್ಲದೆ ಅದರ ಮೇಲೆ ನಡೆದುಹೋಗುತ್ತಾರೆ. ಇಡೀ ಕಟ್ಟಡದಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಂಡ ಎರಡು ಜಾಗಗಳಲ್ಲಿ ಇದೊಂದು. ಗೋಡೆಗೆ ನೇತುಹಾಕಿದ ಕೃತಿಯನ್ನು ಇಳಿಸಿ ಉಗ್ರಾಣಕ್ಕೆ ಕಳಿಸಬಹುದು. ಕಟ್ಟಡದ ಮೈಮೇಲಾದ ಗಾಯವನ್ನು ಸಂಗ್ರಹಾಲಯ ಹೊತ್ತುಕೊಂಡೇ ಇರಬೇಕು.

ಮೇಲಿನ ಅಂತಸ್ತುಗಳ ಕೊಠಡಿಗಳಲ್ಲಿ ಕೃತಿಗಳು ಬದಲಾಗುತ್ತಲೇ ಇರುತ್ತವೆ. ಹೋದವರೆಲ್ಲ ಹುಡುಕುವುದು ಒಂದು ವಸ್ತುವನ್ನು: ಮಾರ್ಸೆಲ್ ದುಶಾಂನ 'ಫೌಂಟನ್'. ಬಿಳಿ ಪಿಂಗಾಣಿಯ ಮೂತ್ರಿ, ಅಂಗಾತ ಮಲಗಿಸಿದ್ದು. ಅಂಚಿನಲ್ಲಿ 'ಆರ್. ಮಟ್' ಎಂಬ ಸುಳ್ಳು ಸಹಿ, 1917ರ ಇಸವಿ. ಹಣ ಕಟ್ಟಿದ ಯಾರು ಬೇಕಾದರೂ ಕೃತಿ ಇಡಬಹುದು ಎಂದು ಸಾರಿದ್ದ ನ್ಯೂಯಾರ್ಕಿನ ಪ್ರದರ್ಶನವೊಂದು ಇದನ್ನು ಮಾತ್ರ ಒಳಗೆ ಬಿಡಲಿಲ್ಲ. ಮೂಲ ವಸ್ತು ಕಳೆದೇ ಹೋಯಿತು. ಇಲ್ಲಿರುವುದು 1964ರಲ್ಲಿ ದುಶಾಂನ ಒಪ್ಪಿಗೆಯಿಂದ ಮಾಡಿಸಿದ ಪ್ರತಿಗಳಲ್ಲಿ ಒಂದು. ಅಂಗಡಿಯಲ್ಲಿ ಕೊಂಡು ತಂದದ್ದಕ್ಕೆ ಕೈಯಿಂದ ಮಾಡಿದ ನಕಲು!

ಅದೇ 1964ರಲ್ಲಿ ನ್ಯೂಯಾರ್ಕಿನ ಗ್ಯಾಲರಿಯೊಂದರಲ್ಲಿ ಆ್ಯಂಡಿ ವಾರ್ಹಾಲ್ ಪಾತ್ರೆ ತಿಕ್ಕುವ 'ಬ್ರಿಲ್ಲೊ' ಸಾಬೂನಿನ ರಟ್ಟಿನ ಪೆಟ್ಟಿಗೆಗಳನ್ನೇ ಹೋಲುವ ಮರದ ಪೆಟ್ಟಿಗೆಗಳನ್ನು ಅಟ್ಟಿಯಾಗಿ ಪೇರಿಸಿಟ್ಟರು. ಅದನ್ನು ನೋಡಿಬಂದ ತತ್ತ್ವಶಾಸ್ತ್ರಜ್ಞ ಆರ್ಥರ್ ಡಾಂಟೊಗೆ ನೆಮ್ಮದಿ ಕೆಟ್ಟಿತು. ಅಂಗಡಿಯ ಪೆಟ್ಟಿಗೆಗೂ ಈ ಪೆಟ್ಟಿಗೆಗೂ ಕಣ್ಣಿಗೆ ವ್ಯತ್ಯಾಸವಿಲ್ಲದಿದ್ದರೆ ಒಂದು ಸರಕಾಗಿ ಇನ್ನೊಂದು ಕಲೆಯಾಗುವುದು ಹೇಗೆ? ಕಣ್ಣಿಂದ ತೀರ್ಮಾನಿಸಲಾಗದು, ಅದರ ಹಿಂದಿರುವ ವಿಚಾರ ಮತ್ತು ಕಲೆಯ ಚರಿತ್ರೆಯ ಅರಿವು ಬೇಕು ಎಂದು ಅವರು ಅದೇ ವರ್ಷ ಬರೆದರು. ಮುಂದೆ ಅವರು ಕಲೆ ಕೊನೆಗೊಂಡಿತು ಎಂಬ ವಾದವನ್ನೇ ಬೆಳೆಸಿದರು. ಚಿತ್ರ ಬರೆಯುವವರು ಇಲ್ಲವಾದರು ಎಂದು ಅದರ ಅರ್ಥವಲ್ಲ. ಒಂದರ ನಂತರ ಒಂದು ಮಜಲು ದಾಟುತ್ತ ಮುಂದಕ್ಕೆ ಸಾಗುವ ಕಲೆಯ ಕಥೆ ಮುಗಿಯಿತು, ಇನ್ನು ಮೇಲೆ ಯಾವುದು ಬೇಕಾದರೂ ಕಲೆಯಾಗಬಹುದು, ಯಾವ ದಿಕ್ಕೂ ಕಡ್ಡಾಯವಲ್ಲ ಎಂಬುದು ಅವರ ಮಾತಿನ ತಿರುಳು.

ಆ ಕಥೆ ಎಂಥದ್ದೆಂದು ತಿಳಿಯಬೇಕಾದರೆ 1936ಕ್ಕೆ ಹೋಗಬೇಕು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಆಲ್ಫ್ರೆಡ್ ಬಾರ್ ಆ ವರ್ಷದ ಪ್ರದರ್ಶನವೊಂದಕ್ಕೆ ಆಧುನಿಕ ಕಲೆಯ ವಂಶಾವಳಿಯ ನಕ್ಷೆ ಬರೆದರು. ಮೇಲೆ ಸೆಜಾನ್, ವಾನ್ ಗೋ. ಬಾಣಗಳು ಕೆಳಗಿಳಿಯುತ್ತ ಕ್ಯೂಬಿಸಂ ದಾಟಿ ಅಮೂರ್ತ ಕಲೆಗೆ ಬಂದು ಸೇರುತ್ತವೆ. ಜಪಾನಿನ ಅಚ್ಚುಗಳಿಗೂ ಆಫ್ರಿಕಾದ ಶಿಲ್ಪಕ್ಕೂ ಅಲ್ಲಿ ಜಾಗವುಂಟು, ಆದರೆ ಪ್ಯಾರಿಸ್ಸಿಗೆ ಸ್ಫೂರ್ತಿ ಕೊಟ್ಟವುಗಳಾಗಿ ಮಾತ್ರ. 1960ರಲ್ಲಿ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ ಈ ಕಥೆಗೆ ಸಿದ್ಧಾಂತದ ಬಲ ಕೊಟ್ಟರು: ಚಿತ್ರಕಲೆ ಕಥೆ, ಆಳ, ಭ್ರಮೆಗಳನ್ನೆಲ್ಲ ಕಳಚಿಕೊಂಡು ತನ್ನದೇ ಆದ ಚಪ್ಪಟೆ ಮೇಲ್ಮೈಯನ್ನು ಒಪ್ಪಿಕೊಳ್ಳುವುದೇ ಆಧುನಿಕತೆ. ಈ ಲೆಕ್ಕದಲ್ಲಿ ಕಲ್ಕತ್ತೆ, ಲಾಗೋಸ್, ಬೆಂಗಳೂರು ಯಾವಾಗಲೂ ತಡವಾಗಿ ಬರುವ ಊರುಗಳು. ನಮ್ಮಲ್ಲಿ ಯಾರೇ ಏನೇ ಬರೆದರೂ ಅದು ಪ್ಯಾರಿಸ್ಸಿನಲ್ಲಿ ಆಗಲೇ ಆಗಿಹೋದದ್ದು ಎಂಬ ಒಂದು ಮಾತು ಸಿದ್ಧವಾಗಿರುತ್ತಿತ್ತು. ನಮ್ಮ ಹಿರಿಯ ಕಲಾವಿದರ ಎರಡು ತಲೆಮಾರು ಈ ಮಾತಿನ ಭಾರದಡಿ ದುಡಿದಿದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಟೇಟ್ ಮಾಡರ್ನ್ ತೆರೆದಾಗ ಮಾಡಿದ ದೊಡ್ಡ ಕೆಲಸವೆಂದರೆ ಈ ಕಾಲಾನುಕ್ರಮವನ್ನು ಕೈಬಿಟ್ಟದ್ದು. ಇಸವಿಯ ಸಾಲಿನಲ್ಲಿ ನಿಲ್ಲಿಸದೆ ಭೂದೃಶ್ಯ, ವಸ್ತು, ದೇಹ, ಚರಿತ್ರೆ ಎಂಬ ವಿಷಯಗಳ ಸುತ್ತ ಕೃತಿಗಳನ್ನು ಜೋಡಿಸಿದರು. ಕ್ಲೋದ್ ಮೊನೆಯ ನೈದಿಲೆ ಕೊಳದ ಚಿತ್ರದ ಜೊತೆಗೆ ರಿಚರ್ಡ್ ಲಾಂಗ್ ಜೋಡಿಸಿದ ಕಲ್ಲಿನ ವೃತ್ತ ಒಂದೇ ಕೋಣೆಗೆ ಬಂತು. ಹಲವು ವಿಮರ್ಶಕರು ಸಿಟ್ಟಾದರು, ಶಾಲೆಯ ಪಾಠದಂತಿದ್ದ ಚರಿತ್ರೆ ಕಲಸುಮೇಲೋಗರವಾಯಿತು ಎಂದರು. ಅವರ ದೂರಿನಲ್ಲಿ ಸತ್ಯವಿಲ್ಲದಿಲ್ಲ. ಯಾವುದು ಯಾವುದರ ನಂತರ ಎಂದು ತಿಳಿಯದ ಎಳೆಯರಿಗೆ ದಾರಿ ತಪ್ಪುತ್ತದೆ. ಆದರೂ ಆ ಸಾಲು ಮುರಿಯದಿದ್ದರೆ ಮುಂದಿನದು ಸಾಧ್ಯವಾಗುತ್ತಿರಲಿಲ್ಲ.

ಮುಂದಿನದು ಅಂದರೆ 2001ರ 'ಸೆಂಚುರಿ ಸಿಟಿ' ಪ್ರದರ್ಶನ. ಒಂಬತ್ತು ನಗರಗಳ ಒಂಬತ್ತು ಆಧುನಿಕತೆಗಳು: ಪ್ಯಾರಿಸ್, ವಿಯೆನ್ನಾ, ಮಾಸ್ಕೊ, ನ್ಯೂಯಾರ್ಕ್, ಲಂಡನ್ ಜೊತೆಗೆ ಟೋಕಿಯೊ, ರಿಯೊ, ಲಾಗೋಸ್, ಬಾಂಬೆ. ಬಾಂಬೆಯ ಭಾಗವನ್ನು ರೂಪಿಸಿದವರು ಗೀತಾ ಕಪೂರ್ ಮತ್ತು ಆಶೀಶ್ ರಾಜಾಧ್ಯಕ್ಷ. ಅದರ ಹಿಂದಿನ ವರ್ಷವಷ್ಟೇ ಗೀತಾ ಕಪೂರ್ ಅವರ ಪ್ರಬಂಧ ಸಂಕಲನ 'ವೆನ್ ವಾಸ್ ಮಾಡರ್ನಿಸಂ' ಬಂದಿತ್ತು. ಭಾರತದಂಥ ನಾಡಿನಲ್ಲಿ ಆಧುನಿಕ ಕಲೆ ಪಶ್ಚಿಮದ ಪಂಚಾಂಗ ನೋಡಿಕೊಂಡು ನಡೆಯುವುದಿಲ್ಲ, ರಾಷ್ಟ್ರ, ಪರಂಪರೆ, ರಾಜಕೀಯಗಳ ಒತ್ತಡದಲ್ಲಿ ಅದಕ್ಕೆ ಬೇರೆಯದೇ ಕಾಲಗತಿ ಇದೆ ಎಂಬ ಅವರ ನಿಲುವು ಇಂದು ನಮಗೆ ಸಹಜವೆನ್ನಿಸಬಹುದು. ಅದನ್ನು ವಾದಿಸಿ ಗೆಲ್ಲಬೇಕಾಗಿತ್ತು ಎಂಬುದನ್ನು ಮರೆಯಬಾರದು.

ಭೂಪೇನ್ ಖಖ್ಖರ್ 1981ರಲ್ಲಿ ಬರೆದ 'ಯು ಕಾಂಟ್ ಪ್ಲೀಸ್ ಆಲ್' ಚಿತ್ರವೂ ಟೇಟ್ ಸಂಗ್ರಹದಲ್ಲಿದೆ. ಮಹಡಿಯ ಮೇಲೆ ಬೆತ್ತಲೆ ನಿಂತ ಗಂಡಸು, ಕೆಳಗೆ ಬೀದಿಯಲ್ಲಿ ನಮ್ಮ ಮಕ್ಕಳಿಗೂ ಗೊತ್ತಿರುವ ಅಪ್ಪ-ಮಗ-ಕತ್ತೆಯ ಕಥೆ. ಬರೋಡಾದಲ್ಲಿ ಲೆಕ್ಕಪರಿಶೋಧಕರಾಗಿ ದುಡಿಯುತ್ತ ಚಿತ್ರ ಬರೆದ ಖಖ್ಖರ್ ತಮ್ಮ ಸಲಿಂಗ ಒಲವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡ ಚಿತ್ರವಿದು. 2016ರಲ್ಲಿ ಇಲ್ಲಿ ನಡೆದ ಅವರ ದೊಡ್ಡ ಪ್ರದರ್ಶನಕ್ಕೂ ಇದೇ ಹೆಸರಿಟ್ಟರು. ಗ್ರೀನ್‌ಬರ್ಗ್ ಕಳಚಿಹಾಕಬೇಕೆಂದ ಕಥೆ ಇಲ್ಲಿ ಪೂರ್ತಿಯಾಗಿ ಮರಳಿದೆ, ಅದೂ ಕ್ಯಾಲೆಂಡರ್ ಚಿತ್ರಗಳ ಬಣ್ಣದಲ್ಲಿ.

ಮಾರ್ಕ್ ರಾಥ್ಕೊನ ಚಿತ್ರಗಳ ಮಬ್ಬುಬೆಳಕಿನ ಕೋಣೆಯನ್ನು ಬಿಡದೆ ನೋಡಬೇಕು. ನ್ಯೂಯಾರ್ಕಿನ ದುಬಾರಿ ರೆಸ್ಟೋರೆಂಟೊಂದರ ಊಟದ ಮನೆಗೆಂದು ಬರೆಯಲು ಒಪ್ಪಿ, ಕೊನೆಗೆ ಅಲ್ಲಿಗೆ ಕೊಡಲು ಮನಸ್ಸಾಗದೆ ಹಣ ಹಿಂತಿರುಗಿಸಿ ಉಳಿಸಿಕೊಂಡ ಕೆಂಪು-ಕಪ್ಪು ಚಿತ್ರಗಳು. ಅವುಗಳಲ್ಲಿ ಕೆಲವನ್ನು ಆತ ಟೇಟ್‌ಗೆ ದಾನ ಮಾಡಿದ. ಅವು ಲಂಡನ್ ತಲುಪಿದ್ದು 1970ರ ಫೆಬ್ರವರಿ 25ರಂದು. ಅದೇ ದಿನ ರಾಥ್ಕೊ ತನ್ನ ಸ್ಟುಡಿಯೊದಲ್ಲಿ ಜೀವ ಕಳೆದುಕೊಂಡ. ಚಿತ್ರಗಳ ಮುಂದೆ ಬೆಂಚುಗಳಿವೆ. ಕುಳಿತವರು ಬೇಗ ಏಳುವುದಿಲ್ಲ.

ನನ್ನನ್ನು ನಿಲ್ಲಿಸಿಕೊಂಡ ಇನ್ನೊಂದು ಜಾಗ ಶೀಲಾ ಗೌಡ ಅವರ 'ಬಿಹೋಲ್ಡ್'. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಕಲಿತು, ಬೆಂಗಳೂರಿಗೇ ಮರಳಿ ಕೆಲಸ ಮಾಡುತ್ತಿರುವವರು. ಚಿತ್ರ ಬರೆಯುತ್ತಿದ್ದವರು ತೊಂಬತ್ತರ ದಶಕದಲ್ಲಿ ಸಗಣಿಯನ್ನು ಕೈಗೆತ್ತಿಕೊಂಡರು. ಆಮೇಲೆ ಕುಂಕುಮ, ದಾರ, ಸೂಜಿ, ಡಾಂಬರಿನ ಡ್ರಮ್ಮುಗಳು ಬಂದವು. 2009ರ ವೆನಿಸ್ ಬಿನಾಲೆಯಲ್ಲಿ ಕಂಡ 'ಬಿಹೋಲ್ಡ್' ಈಗ ಟೇಟ್‌ನ ಸ್ವತ್ತು. ಕಾರಿನ ಉಕ್ಕಿನ ಬಂಪರುಗಳು ಗೋಡೆಯ ಮೇಲೆ ಗಾಳಿಯಲ್ಲಿ ತೇಲಿದಂತಿವೆ. ಅವುಗಳನ್ನು ಸುತ್ತಿಕೊಂಡು, ಹಿಡಿದೆತ್ತಿ, ಗೋಡೆಯಿಂದ ನೆಲಕ್ಕಿಳಿದು ರಾಶಿರಾಶಿಯಾಗಿ ಬಿದ್ದಿರುವುದು ಕಪ್ಪು ಹಗ್ಗ. ಮನುಷ್ಯರ ಕೂದಲಿನಿಂದ ಹೊಸೆದದ್ದು, ಒಟ್ಟು ಉದ್ದ ಸುಮಾರು 4 ಕಿಲೋಮೀಟರ್.

ಜೊತೆಗಿದ್ದವರು ಲಂಡನ್ನಿನಲ್ಲೇ ನೆಲೆಸಿರುವ ಹಾಸನದ ಕಡೆಯ ಒಬ್ಬ ಹಿರಿಯರು. ಅಲ್ಲಿಯವರೆಗೂ ಕೈಕಟ್ಟಿ ಸುಮ್ಮನೆ ನಡೆದುಬರುತ್ತಿದ್ದವರು ಇದರ ಮುಂದೆ ಗಕ್ಕನೆ ನಿಂತರು.

"ಇದು ನಮ್ಮ ಲಾರಿಗೆ ಕಟ್ಟೋ ಹಗ್ಗ ಅಲ್ವೇನ್ರೀ?"

"ಹೌದು ಸಾರ್, ಅದೇ."

"ಮುಡಿ ಕೊಟ್ಟ ಕೂದಲು?"

ಅದೇ. ದಕ್ಷಿಣ ಭಾರತದ ದೇವಸ್ಥಾನಗಳಲ್ಲಿ ಹರಕೆ ಹೊತ್ತವರು ಒಪ್ಪಿಸಿದ ಮುಡಿ. ಉದ್ದ ಕೂದಲು ಟೋಪನ್ ಮಾಡುವವರಿಗೆ ಒಳ್ಳೆಯ ಬೆಲೆಗೆ ಹೋಗುತ್ತದೆ, ಹಡಗು ಹತ್ತಿ ದೇಶಾಂತರ ಹೋಗುತ್ತದೆ. ಉಳಿದ ತುಂಡು ಕೂದಲಿನಿಂದ ಹಗ್ಗ ಹೊಸೆಯುತ್ತಾರೆ. ಡ್ರೈವರುಗಳು ಅದನ್ನು ಕೊಂಡು ಗಾಡಿಯ ಬಂಪರಿಗೆ ಬಿಗಿಯುತ್ತಾರೆ, ದೃಷ್ಟಿ ತಾಗದಿರಲಿ, ಅಪಘಾತವಾಗದಿರಲಿ ಎಂದು. ಬೆಂಗಳೂರಿನ ಯಾವ ಸಿಗ್ನಲ್ಲಿನಲ್ಲಿ ನಿಂತರೂ ಕಾಣುವ ನೋಟ.

ಈ ಕೃತಿಯ ಮುಂದೆ ನಿಂತಾಗ ಡಾಂಟೊ ಎತ್ತಿದ ಪ್ರಶ್ನೆಯೇ ಬೇರೆ ರೂಪ ಪಡೆಯುತ್ತದೆ ಎಂದು ನನಗೆ ಅನ್ನಿಸಿತು. ದುಶಾಂನ ಮೂತ್ರಿ ಕಲೆಯಾದದ್ದು ತನ್ನ ಬಳಕೆಯನ್ನು ಕಳೆದುಕೊಂಡು. ನೀರಿನ ಕೊಳವೆಯಿಂದ ಕಿತ್ತು, ಅಂಗಾತ ಮಲಗಿಸಿ, ಹೆಸರಿಟ್ಟಾಗ ಅದು ವಿಚಾರವಾಯಿತು. ಅದನ್ನು ಮಾಡಿದ ಕಾರ್ಖಾನೆಯ ಕೈಗಳ ಬಗ್ಗೆ ಯಾರಿಗೂ ಕುತೂಹಲವಿರಲಿಲ್ಲ. ಕಾರ್ಖಾನೆಯ ಸರಕು ಎಂದರೆ ಮಾಡಿದವನ ಗುರುತು ಅಳಿದದ್ದು. ಆಧುನಿಕತೆ ನಮಗೆ ಕೊಟ್ಟ ವಸ್ತುಪ್ರಪಂಚವೇ ಅಂಥದು. ಶೀಲಾ ಗೌಡರ ಹಗ್ಗಕ್ಕೆ ಈ ಕಳಚಿಕೊಳ್ಳುವಿಕೆ ಒಗ್ಗುವುದಿಲ್ಲ. ಒಂದೊಂದು ಎಳೆಯೂ ಒಬ್ಬರ ನೆತ್ತಿಯಿಂದ ಬಂದದ್ದು. ಆ ಎಳೆಯ ಹಿಂದೆ ಒಂದು ಕಾಯಿಲೆ ವಾಸಿಯಾದದ್ದೋ, ಮಗು ಹುಟ್ಟಿದ್ದೋ, ಸಾಲ ತೀರಿದ್ದೋ ಇದೆ. ಹೊಸೆದ ಕೈಗಳ ಕೂಲಿ ಇದೆ. ಕಟ್ಟಿದ ಡ್ರೈವರನ ಭಯವಿದೆ. ಇದು ಗ್ಯಾಲರಿಗೆ ಬಂದು ಅರ್ಥ ಪಡೆದ ವಸ್ತುವಲ್ಲ. ಬರುವಾಗಲೇ ಅರ್ಥ ಹೊತ್ತು ತಂದಿದೆ. ಕಲಾವಿದೆಯ ಕೆಲಸವೆಂದರೆ ಅದರ ತೂಕ ನಮ್ಮ ಕಣ್ಣಿಗೆ ಕಾಣುವಂತೆ ಮಾಡಿದ್ದು. ಹಗುರವಾದ ಕೂದಲು ಭಾರವಾದ ಉಕ್ಕನ್ನು ಎತ್ತಿಹಿಡಿದಿದೆ.

ಕಾರಿಗೆ ಕೂದಲ ಹಗ್ಗ ಕಟ್ಟುವುದನ್ನು ಕಂಡು ನಮ್ಮ ಆಧುನಿಕತೆ ಅರೆಬೆಂದದ್ದು ಎಂದು ಹೇಳುವವರಿದ್ದಾರೆ. ಎಂಜಿನ್ ಬಂತು, ಬುದ್ಧಿ ಬರಲಿಲ್ಲ ಎಂಬ ಧಾಟಿಯ ಮಾತು. 'ಬಿಹೋಲ್ಡ್' ಈ ಮಾತನ್ನು ಒಪ್ಪುವುದಿಲ್ಲ, ಮೂಢನಂಬಿಕೆಯನ್ನು ಹೊಗಳುವುದೂ ಇಲ್ಲ. ವೇಗವಾಗಿ ಓಡುವ ಯಂತ್ರದ ಮೇಲೆ ಕುಳಿತವನಿಗೆ ಹೆದರಿಕೆ ಸಹಜ. ಆ ಹೆದರಿಕೆಯೂ ಯಂತ್ರದಷ್ಟೇ ಆಧುನಿಕ ಎಂದು ಅದು ತೋರಿಸುತ್ತದೆ. 1863ರಲ್ಲಿ ಫ್ರೆಂಚ್ ಕವಿ ಬೋದಿಲೇರ್ ಆಧುನಿಕತೆಯನ್ನು ಕಲೆಯ ಅರ್ಧಭಾಗವೆಂದು ಕರೆದ: ಕ್ಷಣಿಕವಾದದ್ದು, ಓಡಿಹೋಗುವಂಥದ್ದು; ಉಳಿದರ್ಧ ನಿತ್ಯವಾದದ್ದು. ಬಂಪರು ಮತ್ತು ಮುಡಿಯಲ್ಲಿ ಯಾವುದು ಯಾವ ಅರ್ಧ ಎಂದು ಬಿಡಿಸಿ ಹೇಳಲು ನನ್ನಿಂದಾಗಲಿಲ್ಲ. ಸಮಕಾಲೀನ ಕಲೆಯನ್ನು ಆಧುನಿಕ ಕಲೆಯಿಂದ ಬೇರೆ ಮಾಡುವುದು ಇದೇ ಎಂದು ನಾನು ನಂಬುತ್ತೇನೆ. ಅದಕ್ಕೆ ಹಿಂದಿನದನ್ನು ದಾಟಿ ಹೊಸದಾಗುವ ಆತುರವಿಲ್ಲ. ಬೇರೆಬೇರೆ ಕಾಲಗಳು ಒಂದೇ ವಸ್ತುವಿನಲ್ಲಿ ಒಟ್ಟಿಗೆ ಬದುಕಿರುವುದನ್ನು ಅದು ಎದುರಿಗಿಡುತ್ತದೆ. ಡಾಂಟೊ ಹೇಳಿದ ಕೊನೆ ನ್ಯೂಯಾರ್ಕಿನ ಕಥೆಯ ಕೊನೆ. ಆ ಕಥೆಯೊಳಗೆ ಜಾಗವೇ ಇರದಿದ್ದವರಿಗೆ ಅದು ಆರಂಭ.

ಇನ್ನು ನೆಲಮಾಳಿಗೆ. ಒಂದು ಕಾಲಕ್ಕೆ ತೈಲ ತುಂಬಿಟ್ಟಿದ್ದ ದುಂಡನೆಯ ಕಾಂಕ್ರೀಟ್ ತೊಟ್ಟಿಗಳಿವೆ, 2012ರಿಂದ ಅವು ಪ್ರದರ್ಶನ ಕಲೆಗೆ ಮೀಸಲು. ಅವುಗಳ ಮೇಲೆ 2016ರಲ್ಲಿ ಹತ್ತು ಅಂತಸ್ತಿನ ಹೊಸ ಕಟ್ಟಡ ಎದ್ದಿದೆ. ಇಲ್ಲಿ ನಿಂತಾಗ ಹಣದ ಮಾತು ಎತ್ತದೆ ಇರಲಾಗದು. ಟೇಟ್ ಎಂಬ ಹೆಸರು ಬಂದದ್ದು ಸಕ್ಕರೆ ಉದ್ಯಮಿ ಹೆನ್ರಿ ಟೇಟ್ ಅವರಿಂದ. ಅವರು ಹುಟ್ಟಿದ್ದು 1819ರಲ್ಲಿ, ಗುಲಾಮರ ದುಡಿಮೆಯ ಮೇಲೆ ಬೆಳೆದ ಸಕ್ಕರೆ ವ್ಯಾಪಾರಕ್ಕೆ ಅವರು ಕಾಲಿಟ್ಟದ್ದು ಗುಲಾಮಗಿರಿ ರದ್ದಾದ ಮೇಲೆ. ತೈಲ ಕಂಪನಿ ಬಿ.ಪಿ. ಬಹುಕಾಲ ಟೇಟ್‌ಗೆ ಹಣ ಕೊಡುತ್ತಿತ್ತು. ಅದನ್ನು ವಿರೋಧಿಸಿದ 'ಲಿಬರೇಟ್ ಟೇಟ್' ಗುಂಪಿನವರು 2012ರ ಜುಲೈನಲ್ಲಿ ಗಾಳಿಯಂತ್ರದ 16.5 ಮೀಟರ್ ಉದ್ದದ ರೆಕ್ಕೆಯೊಂದನ್ನು ಹೆಗಲ ಮೇಲೆ ಹೊತ್ತು ತಂದು ಟರ್ಬೈನ್ ಹಾಲ್‌ನಲ್ಲಿ ಜೋಡಿಸಿಟ್ಟು, ಇದು ನಮ್ಮ ಕಾಣಿಕೆ, ಸ್ವೀಕರಿಸಿ ಎಂದರು. ಟೇಟ್ ಸ್ವೀಕರಿಸಲಿಲ್ಲ. ಆದರೆ 2017ರಲ್ಲಿ ಆ ಪ್ರಾಯೋಜಕತ್ವ ಕೊನೆಗೊಂಡಿತು. ಸಾಲ್ಸೆಡೊ ಸೀಳಿದ ನೆಲದ ಮೇಲೆಯೇ ಆ ರೆಕ್ಕೆ ಮಲಗಿತ್ತು. ಸಂಗ್ರಹಾಲಯ ಯಾರ ದುಡ್ಡಿನಿಂದ ನಡೆಯುತ್ತದೆ ಎಂಬ ಪ್ರಶ್ನೆಯನ್ನು ಕಲೆಯ ಹೊರಗಿನದೆಂದು ತಳ್ಳಿಹಾಕುವಂತಿಲ್ಲ.

ನನ್ನದೊಂದು ಕೋರಿಕೆಯೂ ಇದೆ. ಬಂಪರಿನ ಹಗ್ಗವನ್ನು ದಿನವೂ ನೋಡುವ ಊರಿನ ಜನರಿಗೆ 'ಬಿಹೋಲ್ಡ್' ನೋಡಲು ವಿಮಾನ ಹತ್ತಬೇಕಾಗಿ ಬಂದಿರುವುದು ಸರಿಯಲ್ಲ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಶಾಖೆಯಿದೆ. ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಚಿತ್ರಶಾಲೆಯಿದೆ. ನಮ್ಮ ನಡುವೆ ಈಗ ಕೆಲಸ ಮಾಡುತ್ತಿರುವ ಕಲಾವಿದರ ದೊಡ್ಡ ಕೃತಿಗಳನ್ನು ಕೊಂಡು, ಕಾಪಾಡಿ, ಕಾಯಂ ಪ್ರದರ್ಶನಕ್ಕಿಡುವ ಕೆಲಸವನ್ನು ನಮ್ಮ ಸಾರ್ವಜನಿಕ ಸಂಸ್ಥೆಗಳು ಹೊರಬೇಕು. ಅದಕ್ಕಾಗಿ ಕೇಳುವವರು ನಾವಾಗಬೇಕು.

ಲಂಡನ್ನಿಗೆ ಹೋಗುವವರಿಗೆ: ಟೇಟ್ ಮಾಡರ್ನ್ ಬೆಳಿಗ್ಗೆ 10ಕ್ಕೆ ತೆರೆಯುತ್ತದೆ. ಕಾಯಂ ಸಂಗ್ರಹ ನೋಡಲು ಟಿಕೆಟ್ ಇಲ್ಲ, ವಿಶೇಷ ಪ್ರದರ್ಶನಗಳಿಗೆ ಮಾತ್ರ ಹಣ ಕೊಡಬೇಕು. ಸದರ್ಕ್ ಮೆಟ್ರೊ ನಿಲ್ದಾಣದಿಂದಲೂ ಬ್ಲ್ಯಾಕ್‌ಫ್ರೈಯರ್ಸ್ ರೈಲು ನಿಲ್ದಾಣದಿಂದಲೂ ನಡೆದೇ ಹೋಗಬಹುದು. ನೋಡಬೇಕೆಂದಿರುವ ಕೃತಿ ಆ ದಿನಗಳಲ್ಲಿ ಪ್ರದರ್ಶನಕ್ಕಿದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.